ಜೌಗಿನ ತಪಸ್ವಿ, ಹೊಳೆದಂಡೆಯ ಅಜ್ಜಯ್ಯ

ಅಮಾವಾಸ್ಯೆ ಬಂತೆಂದರೆ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದಾವಣಗೆರೆ, ಹರಿಹರದ ಕಡೆಯಿಂದಷ್ಟೇ ಅಲ್ಲ, ದೂರದ ಜಿಲ್ಲೆಗಳಿಂದಲೂ ಬಂದ ಜನ ತುಂಗಭದ್ರೆಯಲ್ಲಿ ಮಿಂದು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಅಡ್ಡಬೀಳುತ್ತಾರೆ. ಹರಕೆ ತೀರಿಸುವವರ ನಡುವೆಯೇ, ‘ಗಾಳಿ ಸೋಕಿದೆ’ ಎಂದು ಮನೆಯವರು ಕೈಹಿಡಿದು ಕರೆತಂದವರೂ ಇರುತ್ತಾರೆ. ಅಂಥವರಲ್ಲಿ ಕಾಲೇಜು ಓದುವ ವಯಸ್ಸಿನವರೂ ಉಂಟು.

ನೀರಿನ ಅಂಚಿನಲ್ಲಿ ಒಬ್ಬ ವಿರಕ್ತ, ಅವನ ಸನ್ನಿಧಿಯಲ್ಲಿ ದೆವ್ವ ಬಿಡಿಸುವ ನಂಬಿಕೆ. ಇದು ನಮ್ಮ ನಾಡಿಗೇ ಸೀಮಿತವೆಂದು ತಿಳಿಯಬೇಕಿಲ್ಲ. ಸುಮಾರು 1300 ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಗುಥ್ಲಾಕ್ ಎಂಬ ಸಂತನಿದ್ದ. ರಾಜವಂಶದ ಈ ಯುವಕ ಒಂಬತ್ತು ವರ್ಷ ಕತ್ತಿ ಹಿಡಿದು ಊರುಗಳನ್ನು ಸೂರೆಮಾಡಿದ. ಸಾವುಗಳನ್ನು ಕಂಡು ಬೇಸತ್ತು 24ನೆಯ ವಯಸ್ಸಿನಲ್ಲಿ ಮಠ ಸೇರಿದ. ಮುಂದೆ ಏಕಾಂತ ಬಯಸಿ ಕ್ರೋಲೆಂಡ್ ಎಂಬ ಜೌಗು ದ್ವೀಪಕ್ಕೆ ಹೋಗಿ, ಕಳ್ಳರು ಅಗೆದುಬಿಟ್ಟಿದ್ದ ಹಳೆಯ ಸಮಾಧಿ ದಿಬ್ಬದಲ್ಲಿ ನೆಲೆಸಿದ. ಚರ್ಮವೇ ಉಡುಪು, ಸೂರ್ಯಾಸ್ತದ ನಂತರ ಒಂದು ಚೂರು ಬಾರ್ಲಿ ರೊಟ್ಟಿ, ಒಂದು ಬಟ್ಟಲು ಕೆಸರುನೀರು. ದೆವ್ವಗಳು ತನ್ನನ್ನು ಹಿಡಿದು ಕೆಸರಿನಲ್ಲಿ ಎಳೆದಾಡಿದ್ದನ್ನು ಅವನು ಕಂಡನೆಂದು ಚರಿತ್ರೆ ಬರೆದ ಫೆಲಿಕ್ಸ್ ಹೇಳುತ್ತಾನೆ. ಆ ಜೌಗುಗಳಲ್ಲಿ ಮಲೇರಿಯಾ ನೆಲೆಸಿತ್ತು. ದೆವ್ವಗಳು ಚಳಿಜ್ವರದ ಭ್ರಮೆಯಾಗಿರಬಹುದೆಂದು ಕೆಲವರು ಊಹಿಸಿದ್ದಾರೆ. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ.

ಫೆಲಿಕ್ಸ್ ಹೇಳುವ ಇನ್ನೊಂದು ಪ್ರಸಂಗ ನಮ್ಮ ಮನೆಬಾಗಿಲಿನದೇ ಅನ್ನಿಸುತ್ತದೆ. ಹ್ವೇಟ್ರೆಡ್ ಎಂಬ ತರುಣನಿಗೆ ನಾಲ್ಕು ವರ್ಷ ಬುದ್ಧಿ ಕೆಟ್ಟಿತ್ತು. ತನ್ನನ್ನೂ ಇತರರನ್ನೂ ಕಚ್ಚುತ್ತಿದ್ದ; ಕೊಡಲಿಯಿಂದ ಮೂವರನ್ನು ಕೊಂದ. ಪುಣ್ಯಕ್ಷೇತ್ರಗಳನ್ನೆಲ್ಲ ಸುತ್ತಿದ ತಂದೆತಾಯಿ ಕೊನೆಗೆ ಕೈಕಾಲು ಕಟ್ಟಿ ಗುಥ್ಲಾಕನ ಬಳಿಗೆ ತಂದರು. ಸಂತ ಮೂರು ದಿನ ಉಪವಾಸವಿದ್ದು ಪ್ರಾರ್ಥಿಸಿ, ಪವಿತ್ರಜಲದಲ್ಲಿ ಮೀಯಿಸಿದ. ತರುಣ ಗುಣವಾದನೆಂದು ಕಥೆ. 714ರ ಏಪ್ರಿಲ್ 11ರಂದು ಗುಥ್ಲಾಕ್ ತೀರಿಕೊಂಡ. ಅವನನ್ನು ಆಶ್ರಯಿಸಿದ್ದ ಏಥೆಲ್‌ಬಾಲ್ಡ್ ರಾಜನಾದ ಮೇಲೆ ಸಮಾಧಿಯನ್ನು ಸಿಂಗರಿಸಿದ. ಅಲ್ಲಿ ಬೆಳೆದ ಮಠವನ್ನು 1539ರಲ್ಲಿ ಮುಚ್ಚಲಾಯಿತು. ಅದರ ಒಂದು ಭಾಗ ಇಂದಿಗೂ ಊರಿನ ಚರ್ಚು.

ಹ್ವೇಟ್ರೆಡ್‌ನ ಹೆತ್ತವರಿಗೆ ಬೇರೆ ದಾರಿಯಿರಲಿಲ್ಲ. ಇಂದಿನ ಹೆತ್ತವರಿಗೆ ಇದೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳು ಹೆಚ್ಚಾಗಿ ತಲೆದೋರುವುದು ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ಚೆನ್ನಾಗಿ ಓದುತ್ತಿದ್ದ ಹುಡುಗ ಕೋಣೆ ಬಿಟ್ಟು ಬಾರದಿರುವುದು, ನಿದ್ದೆಗೆಡುವುದು, ಯಾರೋ ಮಾತಾಡಿದಂತೆ ಕೇಳಿಸುವುದು, ಎಲ್ಲರ ಮೇಲೂ ಅನುಮಾನಪಡುವುದು ಮೊದಲ ಸೂಚನೆಗಳು. ಚಿಕಿತ್ಸೆ ಬೇಗ ಸಿಕ್ಕಷ್ಟೂ ಗುಣ ಹೆಚ್ಚು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಕಾಯುತ್ತ ಕಳೆದ ತಿಂಗಳುಗಳು ಮರಳಿ ಬರುವುದಿಲ್ಲ.

ಕಟ್ಟಿಹಾಕುವುದಂತೂ ಸಲ್ಲದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹರಕೆಗೆಂದು ಬಂದ ಮಾನಸಿಕ ರೋಗಿಗಳನ್ನಿರಿಸಿದ್ದ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿ ಬಿಗಿದಿದ್ದ 28 ಜನ ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ.

ಹಾಗೆಂದು ಭಕ್ತಿಯನ್ನು ಹಳಿಯಬೇಕಿಲ್ಲ. ದುಃಖದಲ್ಲಿರುವ ಮನೆಗೆ ಅಜ್ಜಯ್ಯನ ಸನ್ನಿಧಿ ಧೈರ್ಯ ಕೊಡುತ್ತದೆ. ಆ ಧೈರ್ಯವೂ ದೊಡ್ಡದೇ. ಗುಜರಾತಿನ ಉನಾವಾದ ದರ್ಗಾದಲ್ಲಿ ದುವಾ ಮಾಡುವವರ ಜೊತೆಯಲ್ಲೇ ವೈದ್ಯರು ಕುಳಿತು ಔಷಧಿ ಕೊಡುವ ಏರ್ಪಾಡು ನಡೆದಿದೆ. ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಮನೋವೈದ್ಯರಿದ್ದಾರೆ. 14416ಕ್ಕೆ ಕರೆ ಮಾಡಿದರೆ ‘ಟೆಲಿ ಮಾನಸ್’ ಸಲಹೆ ಹಗಲಿರುಳೂ ಉಚಿತ.

ಗದ್ದುಗೆಗೆ ಕೈಮುಗಿದವರು ಬಸ್ಸು ಹತ್ತಿ ಆಸ್ಪತ್ರೆಗೂ ಬರಲಿ. ಮಗ ಗುಣವಾಗಿ ಪುಸ್ತಕ ಹಿಡಿದರೆ ಅಜ್ಜಯ್ಯನೇನೂ ಮುನಿಸಿಕೊಳ್ಳುವುದಿಲ್ಲ.