ಮೂಲ ಕ್ಲಾಸೂ ಅದರಿಂದ ಪಡೆಯುವ ಕ್ಲಾಸುಗಳೂ

ಕಂಪ್ಯೂಟರಿನ ಪಾಠಗಳಲ್ಲಿ ನಮ್ಮ ಹುಡುಗಿಯರು ಇನ್‌ಹೆರಿಟೆನ್ಸ್ ಎಂಬ ವಿಷಯವನ್ನು ಕಲಿಯುತ್ತಾರೆ. ಅದರ ತಾತ್ಪರ್ಯವನ್ನು ಹೆತ್ತವರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ತಿಳಿಸಬಯಸುತ್ತೇವೆ. 1967ರಲ್ಲಿ ನಾರ್ವೆ ದೇಶದ ಡಾಲ್, ನೈಗಾರ್ಡ್ ಎಂಬ ವಿದ್ವಾಂಸರು ಸಿಮುಲಾ ಎಂಬ ಭಾಷೆಯಲ್ಲಿ ಈ ಪದ್ಧತಿಯನ್ನು ತಂದರು.

ಕ್ಲಾಸೆಂದರೆ ಮಾಹಿತಿಯನ್ನೂ ಅದರ ಮೇಲಿನ ಕಾರ್ಯಗಳನ್ನೂ ಹೇಳುವ ನಮೂನೆ. ಶಾಲೆಯ ದಾಖಲೆಗಾಗಿ ವಿದ್ಯಾರ್ಥಿನಿ, ಉಪಾಧ್ಯಾಯಿನಿ ಎಂಬ ಎರಡು ಕ್ಲಾಸುಗಳನ್ನು ರಚಿಸುವೆವೆನ್ನಿರಿ. ಹೆಸರು, ಜನ್ಮದಿನ, ವಯಸ್ಸನ್ನು ಲೆಕ್ಕಿಸುವ ಕ್ರಮ, ಇವು ಎರಡಕ್ಕೂ ಸಮಾನ. ಎರಡು ಕಡೆ ಬರೆದರೆ, ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವ ಭಯವುಂಟು. ಆದುದರಿಂದ ವ್ಯಕ್ತಿ ಎಂಬ ಮೂಲ ಕ್ಲಾಸಿನಲ್ಲಿ ಒಮ್ಮೆ ಬರೆದಿಡುವರು. ಎರಡೂ ಅಲ್ಲಿಂದ ಪಡೆಯುವುವು. ಅಂಕಗಳು, ಸಂಬಳ ಮುಂತಾದವು ಆಯಾ ಕ್ಲಾಸಿನಲ್ಲಿಯೇ ಉಳಿಯುವುವು.

ಮೂಲದಲ್ಲಿ ಮಾಡಿದ ತಿದ್ದುಪಡಿ ಎಲ್ಲಕ್ಕೂ ಸಲ್ಲುವುದು. ಅಲ್ಲಿಯ ತಪ್ಪೂ ಹಾಗೆಯೇ ಎಲ್ಲಕ್ಕೂ ಇಳಿಯುವುದು. ಎಲ್ಲಕ್ಕೂ ನಿಜವಾದುದನ್ನು ಮಾತ್ರ ಮೂಲದಲ್ಲಿಡತಕ್ಕದ್ದೆಂದು ನಮ್ಮ ಹುಡುಗಿಯರಿಗೆ ಕಲಿಸುತ್ತೇವೆ.