ಉರಿಯೊಳಗಿನ ಉರಿಯದ ಅನಿಲ

ಗೋಬರ್ ಗ್ಯಾಸಿನ 100 ಪಾಲಿನಲ್ಲಿ ಉರಿಯುವುದು ಸುಮಾರು 55ರಿಂದ 65 ಪಾಲು ಮಾತ್ರ. ಅದು ಮೀಥೇನ್. ಮಿಕ್ಕದ್ದು ಬಹುಮಟ್ಟಿಗೆ ಇಂಗಾಲದ ಡೈಆಕ್ಸೈಡ್. ಬೆಂಕಿ ಆರಿಸುವ ಸಿಲಿಂಡರಿನಲ್ಲಿ ತುಂಬುವ ಅನಿಲವೂ ಇದೇ. ಎಚ್.ಡಿ. ಕೋಟೆ ಸೀಮೆಯ ಎನ್. ಬೇಗೂರಿನಂಥ ಕಾಡಂಚಿನ ಊರಿನಲ್ಲಿ ಕೊಟ್ಟಿಗೆಯ ಸಗಣಿಯಿಂದ ಒಲೆ ಹಚ್ಚುವವರಿಗೆ ಇದನ್ನು ಹೇಳಿದರೆ ಮೊದಲು ಬರುವ ಪ್ರಶ್ನೆ ಒಂದೇ: ಅಷ್ಟೊಂದು ಉರಿಯದ ಅನಿಲ ಬೆರೆತಿದ್ದರೆ ಪಾತ್ರೆ ಇನ್ನೂ ಹೆಚ್ಚು ಮಸಿ ಹಿಡಿಯಬೇಕಲ್ಲ? ಹಿಡಿಯುವುದಿಲ್ಲ. ಹಿತ್ತಿಲ ಸೌದೆ ಒಲೆಯ ಮೇಲಿನ ಹಂಡೆ ಕರ್ರಗಾಗುತ್ತದೆ, ಗೋಬರ್ ಗ್ಯಾಸಿನ ಮೇಲಿನ ಪಾತ್ರೆ ಬೆಳ್ಳಗೇ ಉಳಿಯುತ್ತದೆ.

ಮಸಿ ಹುಟ್ಟುವ ಬಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಸೀಮೆಎಣ್ಣೆ, ಎಲ್‌ಪಿಜಿ, ಮೀಥೇನ್ ಎಲ್ಲವೂ ಇಂಗಾಲ ಮತ್ತು ಜಲಜನಕ ಸೇರಿದ ಹೈಡ್ರೋಕಾರ್ಬನ್‌ಗಳು. ಉರಿಯ ನಡುವೆ ಶಾಖ ಇರುತ್ತದೆ, ಆಮ್ಲಜನಕ ಸಾಲದು. ಅಲ್ಲಿ ಇಂಧನದ ಅಣುಗಳು ಒಡೆದು ಅಸಿಟಿಲೀನ್ ಆಗುತ್ತವೆ. ಅದರಿಂದ ಬೆಂಜೀನಿನ ಉಂಗುರ, ಉಂಗುರಕ್ಕೆ ಉಂಗುರ ಸೇರಿ ಹಾಳೆ, ಹಾಳೆಗಳು ಕೂಡಿ 10ರಿಂದ 50 ನ್ಯಾನೋಮೀಟರ್ ಗಾತ್ರದ ಕಣ. ಸೀಮೆಎಣ್ಣೆ ಬುಡ್ಡಿಯ ಹಳದಿ ಬೆಳಕು ಕಾದ ಮಸಿಕಣಗಳ ಹೊಳಪೇ. ಹೆಚ್ಚಿನವು ಉರಿಯ ಅಂಚಿನಲ್ಲಿ ಗಾಳಿ ಸಿಕ್ಕಿ ಸುಟ್ಟುಹೋಗುತ್ತವೆ, ತಪ್ಪಿಸಿಕೊಂಡವು ಗೋಡೆಗೆ, ಪಾತ್ರೆಗೆ, ನಮ್ಮ ಶ್ವಾಸಕೋಶಕ್ಕೆ ಸೇರುತ್ತವೆ.

ಈಗ ಇಂಧನಕ್ಕೆ ಉರಿಯದ ಅನಿಲ ಬೆರೆಸೋಣ. ಮಜ್ಜಿಗೆಗೆ ನೀರು ಸುರಿದಂತೆ ಇಂಧನ ತೆಳ್ಳಗಾಗುತ್ತದೆ, ಉಂಗುರ ಕಟ್ಟಬೇಕಾದ ಅಣುಗಳು ಪರಸ್ಪರ ಸಿಗುವುದೇ ಕಡಿಮೆಯಾಗುತ್ತದೆ. ಅನೇಕರು ಇಲ್ಲಿಗೇ ನಿಲ್ಲುತ್ತಾರೆ. ಇಷ್ಟೇ ಆಗಿದ್ದರೆ ಯಾವ ಅನಿಲ ಬೆರೆಸಿದರೂ ಫಲ ಒಂದೇ ಆಗಬೇಕಿತ್ತು. ಹಾಗಾಗುವುದಿಲ್ಲ. ಒಂದೇ ಪ್ರಮಾಣದಲ್ಲಿ ಇಂಧನಕ್ಕೆ ಬೆರೆಸಿದರೆ ಆರ್ಗಾನ್ ಮಸಿಯನ್ನು ಅಷ್ಟಾಗಿ ತಗ್ಗಿಸುವುದಿಲ್ಲ, ಸಾರಜನಕ ಅದಕ್ಕಿಂತ ಮೇಲು, ಇಂಗಾಲದ ಡೈಆಕ್ಸೈಡ್ ಎರಡನ್ನೂ ಮೀರಿಸುತ್ತದೆ. ಒಂದು ಕಾರಣ ಶಾಖ ಹೀರುವ ಶಕ್ತಿ. ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಮೋಲ್ ಅನಿಲವನ್ನು ಇನ್ನೊಂದು ಡಿಗ್ರಿ ಕಾಯಿಸಲು ಆರ್ಗಾನಿಗೆ 21 ಜೂಲ್ ಸಾಕು, ಸಾರಜನಕಕ್ಕೆ ಸುಮಾರು 35 ಬೇಕು, ಇಂಗಾಲದ ಡೈಆಕ್ಸೈಡಿಗೆ ಸುಮಾರು 58. ಉರಿ ತಂಪಾದಷ್ಟೂ ಇಂಧನ ಒಡೆಯುವುದು ನಿಧಾನ.

ತೆಳ್ಳಗಾಗಿಸುವುದು, ತಂಪಾಗಿಸುವುದು ಬಿಟ್ಟರೆ ಉಳಿಯುವ ಮೂರನೆಯ ಕೆಲಸ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಇಂಗಾಲದ ಡೈಆಕ್ಸೈಡ್ ಜಡ ಅನಿಲ ಎಂದು ಶಾಲೆಯಲ್ಲಿ ಕಲಿತ ನಂಬಿಕೆ ಇಲ್ಲಿ ಮುರಿದುಬೀಳುತ್ತದೆ. ಉಂಗುರ ದೊಡ್ಡದಾಗಬೇಕಾದರೆ ಅದರ ಅಂಚಿನ ಒಂದು ಜಲಜನಕ ಕಳಚಬೇಕು. ಅದನ್ನು ಕೀಳುವುದು ಉರಿಯಲ್ಲಿ ಬಿಡಿಯಾಗಿ ಅಲೆಯುವ ಇನ್ನೊಂದು ಜಲಜನಕ ಪರಮಾಣು. ತೆರವಾದ ಜಾಗಕ್ಕೆ ಅಸಿಟಿಲೀನ್ ಬಂದು ಅಂಟುತ್ತದೆ, ಮತ್ತೆ ಕೀಳುವುದು, ಮತ್ತೆ ಅಂಟುವುದು. ಇಂಗಾಲದ ಡೈಆಕ್ಸೈಡ್ ಕೈಹಾಕುವುದು ಈ ಬಿಡಿ ಜಲಜನಕಕ್ಕೇ. ಅದನ್ನು ಹಿಡಿದು ತಾನು ಇಂಗಾಲದ ಮಾನಾಕ್ಸೈಡ್ ಆಗಿ, ಹೈಡ್ರಾಕ್ಸಿಲ್ ಎಂಬ ತುಣುಕನ್ನು ಹೊರಬಿಡುತ್ತದೆ. ಉಂಗುರ ಬೆಳೆಸುವ ಪರಮಾಣು ಕಳೆದುಹೋಯಿತು, ಉಂಗುರವನ್ನೇ ಸುಡಬಲ್ಲ ತುಣುಕು ಹುಟ್ಟಿತು! ತಂಪು ಮಾಡಿದ್ದೆಷ್ಟು, ಈ ರಾಸಾಯನಿಕ ಕೆಲಸವೆಷ್ಟು ಎಂದು ಬೇರ್ಪಡಿಸಲು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು 2001ರಲ್ಲಿ ಸೊಗಸಾದ ಉಪಾಯ ಬಳಸಿದರು. ಶಾಖ ಹೀರುವುದರಲ್ಲಿ ಇಂಗಾಲದ ಡೈಆಕ್ಸೈಡನ್ನೇ ಹೋಲುವ, ಆದರೆ ಯಾವ ಕ್ರಿಯೆಯಲ್ಲೂ ಪಾಲುಗೊಳ್ಳದ ಕಾಲ್ಪನಿಕ ಅನಿಲವೊಂದನ್ನು ಕಂಪ್ಯೂಟರಿನ ಲೆಕ್ಕದಲ್ಲಿ ಎಥಿಲೀನ್ ಉರಿಗೆ ಬೆರೆಸಿ, ನಿಜವಾದ ಅನಿಲದ ಲೆಕ್ಕದೊಂದಿಗೆ ಹೋಲಿಸಿದರು. ನಡುವಿನ ವ್ಯತ್ಯಾಸವೇ ರಸಾಯನದ ಪಾಲು.

ಗೋಬರ್ ಗ್ಯಾಸಿನ ಶುಚಿತ್ವವೆಲ್ಲ ಇಂಗಾಲದ ಡೈಆಕ್ಸೈಡಿನದೇ ಎಂದರೆ ತಪ್ಪಾಗುತ್ತದೆ. ಮೀಥೇನಿನಲ್ಲಿ ಇಂಗಾಲಕ್ಕೆ ಇಂಗಾಲ ಅಂಟಿಯೇ ಇಲ್ಲ, ಸ್ವಭಾವತಃ ಅದು ಕಡಿಮೆ ಮಸಿಯ ಇಂಧನ. ಬರ್ನರಿನ ರಂಧ್ರದಿಂದ ಸೇರುವ ಗಾಳಿಯ ಪಾಲೂ ದೊಡ್ಡದು. ತೆಳುವಿಗೆ ಬೆಲೆಯೂ ಉಂಟು: ಉರಿಯ ಓಟ ತಗ್ಗುವುದರಿಂದ ಎಲ್‌ಪಿಜಿ ಬರ್ನರ್ ಇದಕ್ಕೆ ಹೊಂದುವುದಿಲ್ಲ, ದೊಡ್ಡ ರಂಧ್ರದ ಬರ್ನರ್ ಬೇಕು.

ಹೆಚ್ಚು ಜನ ಎಡವುವುದು ಹಸಿ ಸೌದೆಯಲ್ಲಿ. ನೀರಾವಿಯೂ ಉರಿಯದ ಅನಿಲ ತಾನೆ, ಹಾಗಾದರೆ ಹಸಿ ಸೌದೆ ಒಳ್ಳೆಯದೇ ಎಂದು ಕೇಳುತ್ತಾರೆ. ಖಂಡಿತ ಅಲ್ಲ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ನುಂಗುತ್ತದೆ. ಸೌದೆಯಿಂದೆದ್ದ ಆವಿಗಳು ಹೊತ್ತಿಕೊಳ್ಳುವ ಶಾಖವೇ ಸಿಗದೆ ಬಿಳಿ ಹೊಗೆಯಾಗಿ ಹೊರಡುತ್ತವೆ. ಅದು ಮಸಿಯಲ್ಲ, ಟಾರಿನ ಜಿಡ್ಡು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಲ್ಲಿ ಬಿಸಿ ಹೊಗೆ ಹರಿಯುವುದು ಕಬ್ಬಿಣದ ಕೊಳವೆಯೊಳಗೆ, ಎಲೆಗೆ ತಾಗುವುದು ಕೊಳವೆಯ ಶಾಖ ಮಾತ್ರ. ಒಳಗೋಡೆಗೆ ಜಿಡ್ಡು ಅಂಟಿ, ಅದರ ಮೇಲೆ ಮಸಿ ಕೂತರೆ ಶಾಖ ಹೊರಬರಲು ಅಡ್ಡಿ, ಸೌದೆ ಹೆಚ್ಚು ಬೇಕು.

ಬೆರೆಸುವ ಜಾಗವೂ ಮುಖ್ಯ. ಡೀಸೆಲ್ ಎಂಜಿನ್ನಿನಲ್ಲಿ ಸಾರಜನಕದ ಆಕ್ಸೈಡುಗಳನ್ನು ತಗ್ಗಿಸಲು ಹೊಗೆಯ ಒಂದಂಶವನ್ನು ಮರಳಿ ಒಳಗೆ ಬಿಡುತ್ತಾರೆ. ಆದರೆ ಅದು ಸೇರುವುದು ಗಾಳಿಯ ಕಡೆಗೆ. ಆಮ್ಲಜನಕದ ಜಾಗ ಆಕ್ರಮಿಸುವುದರಿಂದ ಹುಟ್ಟಿದ ಮಸಿ ಸುಟ್ಟುಹೋಗುವುದೇ ಕುಂಠಿತವಾಗಿ, ಹೊರಬೀಳುವ ಮಸಿ ಸಾಮಾನ್ಯವಾಗಿ ಹೆಚ್ಚುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮದ ಡೀಸೆಲ್ ವಾಹನಗಳಿಗೆ ಮಸಿ ಸೋಸುವ ಫಿಲ್ಟರ್ ಬೇಕಾದದ್ದರಲ್ಲಿ ಇದರ ಪಾತ್ರವೂ ಇದೆ.

ಉರಿಯದ ಅನಿಲ ಬೆರೆತ ಇಂಧನವನ್ನು ಬಳಸುವ ವಿದ್ಯೆಗೆ ನಮ್ಮಲ್ಲೇ ಪರಂಪರೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ತಂಡ ಕುಣಿಗಲ್ ತಾಲ್ಲೂಕಿನ ಪುರದಲ್ಲಿ ಸಗಣಿ ಅನಿಲದಿಂದ, ಹೊಸಹಳ್ಳಿಯಲ್ಲಿ ಸೌದೆಯ ಅನಿಲದಿಂದ ವಿದ್ಯುತ್ ಕೊಟ್ಟಿತು. ಸೌದೆಯ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಸಾರಜನಕವೇ! ಮೈಸೂರು ಜಿಲ್ಲೆಯ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದುವ ಮಕ್ಕಳು ಬ್ಯಾರನ್ ಕೊಳವೆಯ ಮಸಿಯನ್ನು ಕೆರೆದು ತೂಗಲಿ, ಒಣ ಸೌದೆಯದ್ದೆಷ್ಟು, ಹಸಿಯದ್ದೆಷ್ಟು ಎಂದು ಬರೆದಿಡಲಿ. ತಕ್ಕಡಿ, ನೋಟ್‌ಬುಕ್, ಒಂದು ಹಂಗಾಮಿನ ತಾಳ್ಮೆ ಇದ್ದರೆ ಈ ಅಧ್ಯಯನ ಶುರುಮಾಡಬಹುದು. ಅಧ್ಯಾಪಕರು ದಯಮಾಡಿ ಅವರ ಬೆನ್ನಿಗೆ ನಿಲ್ಲಬೇಕು.