ಆಟದ ಪೆಟ್ಟಿಗೆಗೆ ಅರವತ್ತು ಸಾವಿರ ಯಾಕ್ರೀ?

ತರೀಕೆರೆಯಿಂದ ಕಡೂರಿಗೆ ಬರುವ ಬಸ್ಸಿನಲ್ಲಿ ಮೊನ್ನೆ ನಮ್ಮ ಪಕ್ಕ ಕೂತಿದ್ದವರು ಒಬ್ಬ ಕಿರಾಣಿ ಅಂಗಡಿ ಯಜಮಾನರು. ಕೈಯಲ್ಲಿ ಕೊಟೇಷನ್ ಚೀಟಿ, ಮುಖದಲ್ಲಿ ಚಿಂತೆ.

"ನೋಡಿ ಸ್ವಾಮಿ, ಮಗ ಅಂಗಡಿ ಪಕ್ಕದ ರೂಮಿನಲ್ಲಿ ಹಳೇ ಕಾಲದ ವಿಡಿಯೋ ಗೇಮ್ ಪೆಟ್ಟಿಗೆ ಮಾಡ್ತಾನಂತೆ. ನಿಂತ್ಕೊಂಡು ಆಡೋದು, ಕಾಸು ಹಾಕೋದು. ಪ್ಲೈವುಡ್ ಕೆಲಸಕ್ಕೆ ಅಜ್ಜಂಪುರದ ಆಚಾರ್ರು ಒಪ್ಪಿದ್ದಾರೆ. ಒಳಗಿನ ಕಂಪ್ಯೂಟರಿಗೆ ಮಾತ್ರ ಅರವತ್ತು ಸಾವಿರ! ನನ್ನತ್ರ ಇರೋದೇ ಚೀಟಿ ಎತ್ತಿದ ದುಡ್ಡು. ಕೊಡ್ಲೋ ಬೇಡ್ವೋ?"

ಬೀರೂರು ಬರುವಷ್ಟರಲ್ಲಿ ಕೊಟೇಷನ್ ಓದಿ ಮುಗಿಸಿದೆ. ಗ್ರಾಫಿಕ್ಸ್ ಕಾರ್ಡಿಗೇ ಅರ್ಧ ದುಡ್ಡು. ಬಣ್ಣಬಣ್ಣದ ದೀಪ ಉರಿಯುವ ಫ್ಯಾನು ಬೇರೆ!

ಯಾವ ಆಟ ಅಂತ ಕೇಳಿದೆ. ಪ್ಯಾಕ್‌ಮ್ಯಾನ್, ಸ್ಟ್ರೀಟ್ ಫೈಟರ್ ಎಂದರು. ಜಪಾನಿನ ನಾಮ್ಕೋ ಕಂಪನಿಯ ಪ್ಯಾಕ್‌ಮ್ಯಾನ್ ಬಂದದ್ದು 1980ರಲ್ಲಿ. ಅದರೊಳಗಿದ್ದದ್ದು ಜೆಡ್80 ಎಂಬ ಚಿಪ್ಪು, ವೇಗ 3 ಮೆಗಾಹರ್ಟ್ಸ್ ಚಿಲ್ಲರೆ. ಇವತ್ತಿನ ಸಾಧಾರಣ ಕಂಪ್ಯೂಟರಿನ ಗಡಿಯಾರವೇ ಅದರ ಸಾವಿರ ಪಟ್ಟು ಓಡುತ್ತದೆ.

ಹಾಗಂತ ಯಾವ ಡಬ್ಬವಾದರೂ ಆದೀತು ಅನ್ನುವಂತಿಲ್ಲ. ಹಳೇ ಬೋರ್ಡಿನ ಒಂದೊಂದು ಚಿಪ್ಪಿನ ಕೆಲಸವನ್ನೂ ಈಗಿನ ಕಂಪ್ಯೂಟರು ನಟಿಸಿ ತೋರಿಸಬೇಕು. ಈ ನಟನೆ ಮಾಡಿಸುವ ಪ್ರೋಗ್ರಾಮಿಗೆ ಎಮ್ಯುಲೇಟರ್ ಎಂದು ಹೆಸರು. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಶುರುಮಾಡಿದ 'ಮೇಮ್' ಇದರಲ್ಲಿ ಪ್ರಸಿದ್ಧ. ಅದು ಪ್ರೊಸೆಸರಿನ ಒಂದು ಕೋರಿನ ಮೇಲೇ ಹೆಚ್ಚು ಭಾರ ಹೊರಿಸುತ್ತದೆ. ಎಂಟು ಕೋರು ಕೊಂಡರೆ ಮಿಕ್ಕವು ಬೀಡಿ ಸೇದುತ್ತಾ ಕೂತಿರುತ್ತವೆ! ಇಂಥ ಚಪ್ಪಟೆ ಚಿತ್ರದ ಆಟಕ್ಕೆ ಗ್ರಾಫಿಕ್ಸ್ ಕಾರ್ಡು ಶುದ್ಧ ದಂಡ. 1990ರ ದಶಕದ ಕೊನೆಯ ತ್ರೀಡಿ ಆಟವೇ ಬೇಕೆಂದರೆ ಮಾತು ಬೇರೆ.

ಕಡೂರಿನಲ್ಲಿ ಇಳಿದವರೇ ಪರಿಚಯದ ರಿಪೇರಿ ಅಂಗಡಿಗೆ ಹೋದೆವು. ಮೂಲೆಯಲ್ಲಿ ಆಫೀಸಿನ ಹಳೇ ಕಂಪ್ಯೂಟರುಗಳ ರಾಶಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೈಕೊಟ್ಟಿತಲ್ಲ, ಇಂಟೆಲ್ ಆರನೇ ಪೀಳಿಗೆಯ ಯಂತ್ರಗಳು ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಆಫೀಸಿಗೆ ಬೇಡವಾದದ್ದು ಆಟಕ್ಕೆ ಬಂತು. ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರೆ ಮೇಮ್ ಸಲೀಸಾಗಿ ನಡೆಯುತ್ತದೆ.

"ಐ5, ಎಂಟು ಜಿಬಿ ರ‍್ಯಾಮು, ಸಣ್ಣ ಎಸ್‌ಎಸ್‌ಡಿ ಹಾಕ್ಕೊಡ್ತೀನಿ ಸಾರ್. ಹಳೇ ಹಾರ್ಡ್‌ಡಿಸ್ಕ್ ಬೇಡ, ಹುಡುಗ್ರು ಪೆಟ್ಟಿಗೆ ಗುದ್ದಿದ್ರೆ ಸತ್ಹೋಗುತ್ತೆ" ಎಂದ ಹುಡುಗ. ಹೇಳಿದ ರೇಟು ಕೊಟೇಷನ್ನಿನ ಕಾಲುಭಾಗವೂ ಇಲ್ಲ.

ಅಂಗೈಯಗಲದ ರಾಸ್‌ಬೆರಿ ಪೈ ಆಗೋದಿಲ್ಲವೇ ಎಂದು ಯಜಮಾನರು ಕೇಳಿದರು. 2012ರಿಂದ ಬಂದಿರುವ ಬೋರ್ಡು ಅದು. ಪ್ಯಾಕ್‌ಮ್ಯಾನಿಗೆ ಧಾರಾಳವಾಗಿ ಸಾಕು. ಆದರೆ ಅಡಾಪ್ಟರು, ಡಬ್ಬಿ, ಕಾರ್ಡು ಅಂತ ಕೂಡಿಸುತ್ತಾ ಹೋದರೆ ಹಳೇ ಕಂಪ್ಯೂಟರಿನ ಬೆಲೆಗೇ ಬಂದು ನಿಲ್ಲುತ್ತದೆ. ಕರೆಂಟು ಪಟ್ಟನೆ ಹೋದರೆ ಅದರ ಮೆಮೊರಿ ಕಾರ್ಡು ಕೆಡುವುದೂ ಉಂಟು. ನಮ್ಮ ಕಡೆಯ ಕರೆಂಟಿನ ವಿಷಯ ಓದುಗರಿಗೆ ನಾವು ಹೇಳಬೇಕೆ? ಯಾವುದನ್ನು ಕೊಂಡರೂ ಒಂದು ಸಣ್ಣ ಯುಪಿಎಸ್ ಇರಲಿ.

ಉಳಿದ ದುಡ್ಡನ್ನು ಹ್ಯಾಂಡಲ್ಲು, ಬಟನ್ನುಗಳಿಗೆ ಹಾಕಿ ಎಂದೆ. ಹೊಡೆತ ತಿನ್ನುವುದು ಅವೇ. ಪ್ಯಾಕ್‌ಮ್ಯಾನಿಗೆ ಹ್ಯಾಂಡಲ್ ಒಂದಿದ್ದರಾಯಿತು. 1991ರ ಸ್ಟ್ರೀಟ್ ಫೈಟರ್ 2 ಆಟಕ್ಕೆ ತಲೆಗೆ ಆರು ಬಟನ್ನು, ಇಬ್ಬರಿಗೆ ಹನ್ನೆರಡು. ಇದು ತೀರ್ಮಾನ ಆಗದೆ ಆಚಾರ್ರು ಹಲಗೆಗೆ ತೂತು ಕೊರೆಯಬಾರದು. ಪೆಟ್ಟಿಗೆಯ ಹಿಂದೆ ಕೆಳಗೂ ಮೇಲೂ ಗಾಳಿಕಿಂಡಿ, ಒಂದು ಫ್ಯಾನು, ಧೂಳು ಹೊಡೆಯಲು ಬಾಗಿಲು. ಪರದೆಗೆ ಆಫೀಸಿನ ಹಳೇ ಚೌಕ ಮಾನಿಟರೇ ವಾಸಿ, ಹಳೇ ಆಟಗಳ ಚಿತ್ರ ಇದ್ದದ್ದೇ ಆ ಅಳತೆಯಲ್ಲಿ.

ಯಜಮಾನರ ಮುಖ ಅರಳಿತು. "ಹಂಗಾದ್ರೆ ಒಂದು ವರ್ಷದಲ್ಲಿ ಕಾಸು ವಾಪಸ್ ಬರುತ್ತೆ ಬಿಡಿ!"

ಅಲ್ಲೇ ನೋಡಿ ತಕರಾರು. ಮೇಮ್ ಪುಕ್ಕಟೆ, ಆಟಗಳು ಪುಕ್ಕಟೆ ಅಲ್ಲ. ಅವುಗಳ ಹಕ್ಕು ಕಂಪನಿಗಳದ್ದು. ಎಲ್ಲಿಂದಲೋ ಇಳಿಸಿಕೊಂಡ ನಕಲು ಹಾಕಿ ಅಂಗಡಿಯಲ್ಲಿ ಕಾಸು ಎಣಿಸಿದರೆ 1957ರ ಕಾಪಿರೈಟ್ ಕಾಯಿದೆ ಅಡ್ಡ ಬರುತ್ತದೆ. ಮಾಲೀಕರೇ ಒಪ್ಪಿ ಮೇಮ್‌ನವರ ಮೂಲಕ ಬಿಟ್ಟುಕೊಟ್ಟ ಕೆಲವು ಆಟಗಳಿವೆ, ಅವೂ ವ್ಯಾಪಾರಕ್ಕಲ್ಲ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೊಟೇಷನ್ ಮಡಚಿ ಜೇಬಿಗಿಟ್ಟು, ರಾಶಿಯಲ್ಲಿದ್ದ ಒಂದು ಕಂಪ್ಯೂಟರಿಗೆ ಐನೂರು ರೂಪಾಯಿ ಅಡ್ವಾನ್ಸ್ ಕೊಟ್ಟರು. ಮಗನ ನಂಬರ್ ಒತ್ತಿ ಫೋನನ್ನು ನನ್ನ ಕೈಗೇ ತುರುಕಿದರು.

"ಕಾಸಿನ ಕಿಂಡಿ ಬೇಡ ಅನ್ನೋದನ್ನ ನೀವೇ ಹೇಳಿ ಸ್ವಾಮಿ, ನಾನು ಹೇಳಿದ್ರೆ ಕೇಳಲ್ಲ."